ರೂನ್ ಲಿಪಿ: ಅಕ್ಷರಗಳ ಅರ್ಥ ಮತ್ತು ಬಳಕೆ

ಕಲಿಕೆಯ ಉದ್ದೇಶ

ಪ್ರಾಚೀನ ಜರ್ಮಾನಿಕ್ ಜನರ ರೂನ್ ಲಿಪಿಯನ್ನು ಪರಿಚಯಿಸುವುದು; ಲಿಪಿಯೊಂದರ ಬಗೆಗಿನ ಆಧಾರವುಳ್ಳ ಮಾತನ್ನೂ ಅನಂತರ ಬೆಳೆದ ಕಲ್ಪನೆಯನ್ನೂ ಬೇರ್ಪಡಿಸಿ ನೋಡುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು.

ಪೀಠಿಕೆ

ಮೊಬೈಲ್ ಫೋನಿನ ಬ್ಲೂಟೂತ್ ಚಿಹ್ನೆಯನ್ನು ವಿದ್ಯಾರ್ಥಿಗಳು ನಿತ್ಯವೂ ಕಾಣುತ್ತಾರೆ. ಅದು ಎರಡು ರೂನ್ ಅಕ್ಷರಗಳ ಜೋಡಣೆ. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಬ್ಲೂಟೂತ್ ಎಂಬ ಅರಸನ ಹೆಸರಿನ ಮೊದಲಕ್ಷರಗಳು ಅಲ್ಲಿ ಕೂಡಿವೆ. ಚಲನಚಿತ್ರಗಳಲ್ಲಿಯೂ ಭವಿಷ್ಯ ಹೇಳುವ ಬಿಲ್ಲೆಗಳ ಮೇಲೂ ಈ ಅಕ್ಷರಗಳು ಕಾಣಿಸುವುದರಿಂದ, ಇದು ಮಂತ್ರಲಿಪಿಯೇ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಸಹಜ. ಉತ್ತರವನ್ನು ಶಾಸನಗಳಲ್ಲಿಯೇ ಹುಡುಕಬೇಕು.

ವಿಷಯ ವಿವರಣೆ

1. ರೂಪ: ಅತ್ಯಂತ ಹಳೆಯ ರೂನ್ ಸಾಲಿನಲ್ಲಿ 24 ಅಕ್ಷರಗಳಿದ್ದವು. ಮೊದಲ ಆರು ಧ್ವನಿಗಳನ್ನು ಕೂಡಿಸಿ ಈ ಸಾಲನ್ನು ‘ಫುಥಾರ್ಕ್’ ಎನ್ನುತ್ತಾರೆ. ಸ್ವೀಡನ್ನಿನ ಗೋಟ್ಲಂಡ್ ದ್ವೀಪದಲ್ಲಿ ದೊರೆತ, ಸುಮಾರು ಕ್ರಿ.ಶ. 400ರ ಕಿಲ್ವರ್ ಶಿಲೆಯಲ್ಲಿ ಇಡೀ ಸಾಲು ಕೆತ್ತಲ್ಪಟ್ಟಿದೆ. ಮರದ ಮೇಲೆ ಕೊರೆಯುವಾಗ ಅಡ್ಡಗೆರೆ ಎಳೆಗಳಲ್ಲಿ ಮರೆಯಾಗುತ್ತದೆ; ಬಾಗಿದ ಗೆರೆ ಕೊರೆಯುವುದು ಕಷ್ಟ. ಆದುದರಿಂದಲೇ ನೆಟ್ಟಗಿನ ಮತ್ತು ಓರೆಯಾದ ಗೆರೆಗಳು ಈ ಲಿಪಿಯಲ್ಲಿ ಪ್ರಧಾನವಾದುವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ.

2. ಅರ್ಥ: ಪ್ರತಿ ಅಕ್ಷರಕ್ಕೂ ಧ್ವನಿಯಿತ್ತು, ಜೊತೆಗೆ ಹೆಚ್ಚಾಗಿ ಆ ಧ್ವನಿಯಿಂದಲೇ ಆರಂಭವಾಗುವ ಹೆಸರೂ ಇತ್ತು. ಮೊದಲ ಅಕ್ಷರದ ಹೆಸರು ‘ಫೆಹು’. ಅದಕ್ಕೆ ಜಾನುವಾರು ಎಂದೂ ಸಂಪತ್ತು ಎಂದೂ ಅರ್ಥ. ಕನ್ನಡದ ‘ದನ’ ಶಬ್ದವನ್ನು ಸಂಸ್ಕೃತದ ‘ಧನ’ದ ತದ್ಭವವೆಂದು ವಿವರಿಸಿದರೆ ಈ ಸಂಬಂಧ ಮಕ್ಕಳಿಗೆ ಕೂಡಲೇ ಹೊಳೆಯುತ್ತದೆ. ಆದರೆ ಸಾಮಾನ್ಯ ಬರಹದಲ್ಲಿ ಈ ಅಕ್ಷರ ‘ಫ’ ಧ್ವನಿಯನ್ನೇ ಸೂಚಿಸುತ್ತಿತ್ತು, ಸಂಪತ್ತನ್ನಲ್ಲ.

3. ಬಳಕೆ: ಡೆನ್ಮಾರ್ಕಿನ ವಿಮೋಸದಲ್ಲಿ ದೊರೆತ, ಸುಮಾರು ಕ್ರಿ.ಶ. 160ರ ಬಾಚಣಿಗೆಯೊಂದರ ಮೇಲೆ ‘ಹರ್ಯ’ ಎಂಬ ಒಂದೇ ಪದವಿದೆ. ಬಹುಶಃ ಅದು ವ್ಯಕ್ತಿಯ ಹೆಸರು. ಹನ್ನೊಂದನೆಯ ಶತಮಾನದ ಸ್ವೀಡನ್ನಿನ ನೂರಾರು ಶಿಲೆಗಳು ಮಡಿದವರ ಸ್ಮಾರಕಗಳು. ನಾರ್ವೆಯ ಬರ್ಗೆನ್ ನಗರದ ಬ್ರಿಗ್ಗೆನ್ ವಠಾರದ ಒಂದು ಭಾಗ 1955ರಲ್ಲಿ ಬೆಂಕಿಗೆ ಆಹುತಿಯಾಯಿತು. ಅನಂತರದ ಉತ್ಖನನದಲ್ಲಿ ಆರುನೂರಕ್ಕೂ ಹೆಚ್ಚು ರೂನ್ ಬರಹಗಳು ದೊರೆತವು: ಸರಕಿಗೆ ಕಟ್ಟಿದ ಒಡೆಯರ ಹೆಸರಿನ ಚೀಟಿಗಳು, ವ್ಯಾಪಾರದ ಪತ್ರಗಳು, ಪ್ರೇಮದ ಮಾತುಗಳು, ಪ್ರಾರ್ಥನೆಗಳು. ಲ್ಯಾಟಿನ್ ಲಿಪಿ ಬಂದ ಮೇಲೂ ಸಾಮಾನ್ಯ ಜನರ ನಿತ್ಯದ ಅಗತ್ಯಗಳಲ್ಲಿ ಈ ಲಿಪಿ ಉಳಿದಿತ್ತು.

4. ಮಂತ್ರದ ಪ್ರಶ್ನೆ: ‘ರೂನ್’ ಶಬ್ದಕ್ಕೆ ಸಂಬಂಧಿಸಿದ ಹಳೆಯ ಪದಗಳಲ್ಲಿ ‘ರಹಸ್ಯ’ ಎಂಬ ಅರ್ಥವಿದೆ. ತಾಯಿತದಂಥ ಒಡವೆಗಳ ಮೇಲೆ ರಕ್ಷಣೆಗಾಗಿ ಬರೆದಂತೆ ತೋರುವ ಪದಗಳೂ ಸಿಕ್ಕಿವೆ. ಆದರೆ ಅದು ಬಳಕೆಯ ಒಂದು ಬಗೆ ಮಾತ್ರ. ಇಂದು ಭವಿಷ್ಯ ಹೇಳಲು ಮಾರುವ ಬಿಲ್ಲೆಗಳಲ್ಲಿ ಇಪ್ಪತ್ತೈದನೆಯದಾಗಿ ಸೇರಿಸುವ ಖಾಲಿ ಬಿಲ್ಲೆ ಇಪ್ಪತ್ತನೆಯ ಶತಮಾನದ ಸೃಷ್ಟಿ. ಅದೇ ಶತಮಾನದಲ್ಲಿ ನಾಜಿಗಳು ‘ಸ’ ಧ್ವನಿಯ ರೂನನ್ನು ಇಮ್ಮಡಿಸಿ ತಮ್ಮ ಎಸ್‌ಎಸ್ ಪಡೆಯ ಲಾಂಛನವಾಗಿಸಿಕೊಂಡರು. ಹೀಗೆ ಒಂದು ಧ್ವನಿಯ ಗುರುತು ಲಕ್ಷಾಂತರ ಜನರ ಪಾಲಿಗೆ ಭೀತಿಯ ಗುರುತಾಯಿತು. ಅಕ್ಷರದ ಮೇಲೆ ಇಲ್ಲದ ಅರ್ಥವನ್ನು ಹೇರುವುದು ನಿರಪಾಯದ ಆಟವಲ್ಲವೆಂಬುದನ್ನು ಪ್ರೌಢ ತರಗತಿಗಳಲ್ಲಿ ತಪ್ಪದೆ ತಿಳಿಸಬೇಕು.

ತರಗತಿ ಚಟುವಟಿಕೆ

ಅ) ಐಸ್‌ಕ್ರೀಂ ಕಡ್ಡಿಯ ಮೇಲೆ ಮೊಳೆಯ ತುದಿಯಿಂದ ಪ್ರತಿ ವಿದ್ಯಾರ್ಥಿಯೂ ತನ್ನ ಹೆಸರಿನ ಮೊದಲ ಕನ್ನಡ ಅಕ್ಷರವನ್ನು ಕೊರೆಯಲಿ; ಕೈಗೆ ಪೆಟ್ಟಾಗದಂತೆ ಶಿಕ್ಷಕರು ಜೊತೆಗಿರಬೇಕು. ದುಂಡು ಗೆರೆ ಏಕೆ ಜಾರುತ್ತದೆ, ತಾಳೆಗರಿ ಮತ್ತು ಕಂಟ ಇದ್ದಿದ್ದರೆ ಹೇಗಿರುತ್ತಿತ್ತು ಎಂದು ಚರ್ಚಿಸಬೇಕು.

ಆ) ಕಪ್ಪುಹಲಗೆಯ ಮೇಲೆ ‘ಶಾಸನದಲ್ಲಿದೆ’, ‘ಈಚಿನವರು ಹೇಳಿದ್ದು’ ಎಂಬ ಎರಡು ಕಂಬಸಾಲುಗಳನ್ನು ಮಾಡಿ, ಪಾಠದ ಪ್ರತಿಯೊಂದು ವಿಷಯವನ್ನೂ ವಿದ್ಯಾರ್ಥಿಗಳಿಂದಲೇ ವಿಂಗಡಿಸಬೇಕು.

ಮೌಲ್ಯಮಾಪನ

1. ಅಕ್ಷರದ ಹೆಸರಿಗೂ ಅದರ ಧ್ವನಿಗೂ ಇರುವ ವ್ಯತ್ಯಾಸವನ್ನು ‘ಫೆಹು’ವಿನ ಉದಾಹರಣೆಯಿಂದ ವಿವರಿಸಿ.

2. ಬರ್ಗೆನ್ನಿನ ಬರಹಗಳು ರೂನ್ ಬಳಸಿದವರ ಬದುಕಿನ ಬಗ್ಗೆ ಏನನ್ನು ತಿಳಿಸುತ್ತವೆ?

3. ನಿಮ್ಮ ಮನೆಯಲ್ಲಿ ಕನ್ನಡ ಲಿಪಿಯಲ್ಲಿ ಕೈಯಿಂದ ಬರೆದ ಐದು ಬರಹಗಳನ್ನು ಪಟ್ಟಿಮಾಡಿ, ಪ್ರತಿಯೊಂದರ ಉಪಯೋಗವನ್ನು ಬರೆಯಿರಿ.