ಪ್ರಶ್ನೋತ್ತರ: ವಿಮಾನದ ದೂರ, ಗಡಿಯಾರದ ಲೆಕ್ಕ

ಪ್ರಶ್ನೆ: ಮೊಮ್ಮಗಳ ನಾಮಕರಣಕ್ಕೆ ಮಂಗಳೂರಿಗೆ ಹೊರಟಿದ್ದೇನೆ. ಬೆಂಗಳೂರಿನಿಂದ ವಿಮಾನದ ದಾರಿ ಸುಮಾರು 300 ಕಿ.ಮೀ., ವೇಗ ಗಂಟೆಗೆ 800 ಕಿ.ಮೀ. ಅನ್ನುತ್ತಾರೆ. ಇಪ್ಪತ್ಮೂರು ನಿಮಿಷ ಸಾಕಲ್ಲವೆ? ಟಿಕೆಟ್‌ನಲ್ಲಿ ಗಂಟೆಯ ಮೇಲಾಗುತ್ತದೆ ಎಂದಿದೆ.
– ನಿವೃತ್ತ ಮೇಷ್ಟ್ರು, ತ್ಯಾಮಗೊಂಡ್ಲು

ಉತ್ತರ: ಮೇಷ್ಟ್ರೇ, ನಿಮ್ಮ ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಆ ವೇಗ ಸಿಗುವುದು ಎತ್ತರಕ್ಕೆ ಏರಿದ ಮೇಲೆ. ಮಂಗಳೂರಿನಂಥ ಹತ್ತಿರದ ಊರಿಗೆ ಏರುವುದು, ಇಳಿಯುವುದರಲ್ಲೇ ಹೆಚ್ಚಿನ ದಾರಿ ಸವೆಯುತ್ತದೆ. ಜೊತೆಗೆ, ಟಿಕೆಟ್‌ನ ಲೆಕ್ಕ ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ. ಮುಗಿಯುವುದು ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಮತ್ತೆ ನಿಂತಾಗ. ರನ್‌ವೇವರೆಗಿನ ಓಟ, ಅಲ್ಲಿ ಸರದಿಗೆ ಕಾಯುವುದು ಎಲ್ಲವೂ ಅದರೊಳಗೇ ಸೇರಿವೆ.

ಪ್ರಶ್ನೆ: ಯಜಮಾನರು ದುಬೈಗೆ ಬೆಳಿಗ್ಗೆ 10ಕ್ಕೆ ಹೊರಟು 12.30ಕ್ಕೆ ಇಳಿಯುತ್ತಾರಂತೆ. ಎರಡೂವರೆ ಗಂಟೆಯಲ್ಲಿ ದುಬೈಯೇ?
– ಗೃಹಿಣಿ, ನೆಲಮಂಗಲ

ಉತ್ತರ: ಇಲ್ಲಮ್ಮ, ನಾಲ್ಕು ಗಂಟೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ನಮ್ಮ ಗಡಿಯಾರದ್ದು, ಇಳಿಯುವ ಹೊತ್ತು ಅಲ್ಲಿಯ ಗಡಿಯಾರದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವರು ಇಳಿದಾಗ ನಿಮ್ಮ ಗೋಡೆ ಗಡಿಯಾರದಲ್ಲಿ ಎರಡು ಗಂಟೆ. ವಾಪಸ್ ಬರುವಾಗ ಸಾಮಾನ್ಯವಾಗಿ ಅರ್ಧ ಗಂಟೆಯಷ್ಟು ಉಳಿಯುತ್ತದೆ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ ಬೆನ್ನಿಗಿರುತ್ತದಲ್ಲ!

ಪ್ರಶ್ನೆ: ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೋಗಲು ಉತ್ತರ ಧ್ರುವದ ಕಡೆಗೇಕೆ ಸುತ್ತಬೇಕು?
– ಕಾಲೇಜು ವಿದ್ಯಾರ್ಥಿ, ದೊಡ್ಡಬಳ್ಳಾಪುರ

ಉತ್ತರ: ಅದು ಸುತ್ತಲ್ಲ, ಅದೇ ಒಳದಾರಿ. ಗೋಡೆಯ ನಕ್ಷೆ ಬಿಟ್ಟು ಗ್ಲೋಬ್ ತೆಗೆದುಕೊಳ್ಳಿ. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್‌ಫ್ರಾನ್ಸಿಸ್ಕೊ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಚೀನಾ, ಸೈಬೀರಿಯಾ ದಾಟಿ ಅಲಾಸ್ಕ ಕಡೆಯಿಂದ ಇಳಿಯುತ್ತದೆ. ಅದರ ಅಳತೆ ಸುಮಾರು 14,000 ಕಿ.ಮೀ. ಗಾಳಿ ನೋಡಿಕೊಂಡು ಪೈಲಟ್‌ಗಳು ಇನ್ನೂ ಉತ್ತರಕ್ಕೆ ಸರಿಯುವುದುಂಟು. 2021ರಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಧ್ರುವದ ಮೇಲಿಂದಲೇ ಬೆಂಗಳೂರಿಗೆ ತಂದಿತು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಜನವರಿ 9ರ ರಾತ್ರಿ ಹೊರಟಿದ್ದು, ಇಲ್ಲಿ 11ರ ನಸುಕಿಗೆ ಇಳಿಯಿತು. ತಾರೀಖು ಎರಡು ದಿನ ಸರಿದರೂ ಹಾರಿದ್ದು ಸುಮಾರು 17 ಗಂಟೆ ಮಾತ್ರ.

ಪ್ರಶ್ನೆ: ಮಂಗಳೂರಿನ ವಿಮಾನ ಬೆಳಿಗ್ಗೆ 9ಕ್ಕೆ. ನಮ್ಮೂರಿನಿಂದ ಎಷ್ಟು ಹೊತ್ತಿಗೆ ಹೊರಡಲಿ?
– ಅದೇ ಮೇಷ್ಟ್ರು

ಉತ್ತರ: ಒಂಬತ್ತರಿಂದ ಹಿಂದಕ್ಕೆ ಎಣಿಸಿ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಏಳಕ್ಕೆ ಅಲ್ಲಿದ್ದರೆ ನೆಮ್ಮದಿ. ತ್ಯಾಮಗೊಂಡ್ಲಿನಿಂದ ದೊಡ್ಡಬಳ್ಳಾಪುರದ ಮೇಲೆ ಹೋದರೆ ಏರ್‌ಪೋರ್ಟ್ ಐವತ್ತು ಕಿ.ಮೀ. ಆಸುಪಾಸು, ಒಂದೂವರೆ ಗಂಟೆ ಇಟ್ಟುಕೊಳ್ಳಿ. ಐದೂವರೆಗೆ ಮನೆ ಬಿಡಿ. ಯಾವ ಟರ್ಮಿನಲ್ ಎಂದು ಹಿಂದಿನ ರಾತ್ರಿಯೇ ಟಿಕೆಟ್‌ನಲ್ಲಿ ನೋಡಿಕೊಳ್ಳಿ. ಗಂಟೆಯೊಂದರ ಹಾರಾಟಕ್ಕೆ ಮೂರೂವರೆ ಗಂಟೆಯ ಮುನ್ನುಡಿಯೇ ಅನ್ನಬೇಡಿ, ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿಯುವ ಸೊಂಟನೋವಂತೂ ತಪ್ಪಿತು!