‘ಗೋವಾದಲ್ಲಿ ಕೆಲಸ ಕೊಡಿಸ್ತೀನಿ’ ಎಂದವರ ಬಗ್ಗೆ

ಪಟ್ಟದಕಲ್ಲಿನ ಅಕ್ಕ, ನಿಮ್ಮ ಅನುಮಾನದಲ್ಲಿ ಹುರುಳಿದೆ. ಪಕ್ಕದ ಮನೆಯ ಹದಿನೈದರ ಹುಡುಗಿಯನ್ನು ಶಾಲೆ ಬಿಡಿಸಿದ್ದಾರೆ, ತಾಯಿಯ ಕೈಗೆ ಮುಂಗಡ ಬಂದಿದೆ, ಕೆಲಸ ಎಲ್ಲಿ ಎಂದರೆ ‘ಗೋವಾ’ ಎನ್ನುವುದರ ಹೊರತು ವಿಳಾಸವಿಲ್ಲ. ಇಷ್ಟು ಸಾಕು, ತಡಮಾಡಬೇಡಿ.

ಬಾದಾಮಿ, ಹುನಗುಂದ ಕಡೆಯಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋಗುವುದು ಹೊಸದಲ್ಲ. ಹೋದವರೆಲ್ಲ ಮೋಸಹೋದವರೂ ಅಲ್ಲ. ಬೇಕೆಂದಾಗ ತಿರುಗಿ ಬರಲು ಬಿಡುತ್ತಾರೆಯೇ ಎಂಬುದನ್ನು ನೋಡಿ. ಆಧಾರ್ ಕಾರ್ಡ್ ಯಾರ ಬಳಿ ಇದೆ? ಫೋನಿನಲ್ಲಿ ಅವರು ತಾವಾಗಿ ಮಾತಾಡುತ್ತಾರೋ, ಪಕ್ಕದಲ್ಲಿ ಯಾರಾದರೂ ಹೇಳಿಕೊಡುತ್ತಾರೋ? ಸಾಲ ತೀರುವವರೆಗೆ ಬಿಡುವುದಿಲ್ಲ ಎಂದರೆ ಅದು ಜೀತ. 1976ರ ಕಾಯ್ದೆ ಅದನ್ನು ನಿಷೇಧಿಸಿದೆ. ನಮ್ಮ ಭಾಗದಲ್ಲಿ ಇನ್ನೊಂದು ದಾರಿಯೂ ಇದೆ: ದೇವರ ಹೆಸರಲ್ಲಿ ಮುತ್ತು ಕಟ್ಟಿಸಿ, ಆಮೇಲೆ ಊರು ದಾಟಿಸುವುದು. ದೇವದಾಸಿ ಬಿಡುವುದು ರಾಜ್ಯದ ಕಾಯ್ದೆಯಡಿ ಅಪರಾಧ, ಹೆತ್ತವರೇ ಬಿಟ್ಟರೂ.

ಕರೆದೊಯ್ಯುವವನು ದೂರದ ಸಂಬಂಧಿ ಎಂದಿದ್ದೀರಿ. ಅದರಿಂದ ನೆಮ್ಮದಿಯಾಗಬೇಡಿ, ಪರಿಚಯದವರೇ ನಂಬಿಸಿ ಕರೆದೊಯ್ಯುವುದು ಹೆಚ್ಚು. ಆತನನ್ನು ನೀವೇ ತರಾಟೆಗೆ ತೆಗೆದುಕೊಳ್ಳಬೇಡಿ, ರಾತ್ರೋರಾತ್ರಿ ಹುಡುಗಿಯನ್ನು ಸಾಗಿಸಿಬಿಟ್ಟಾನು. ಇಂದೇ 1098ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ ಅದು. ಬಸ್ಸು ಹತ್ತಿಸುವ ಹೊತ್ತಾಗಿದ್ದರೆ 112. ‘ಅವಳೇ ಒಪ್ಪಿದ್ದಾಳೆ’ ಎಂದು ಯಾರಾದರೂ ವಾದಿಸಬಹುದು. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಪ್ರಕಾರ ಸಾಗಣೆಯಲ್ಲಿ ಆ ಒಪ್ಪಿಗೆಗೆ ಬೆಲೆಯೇ ಇಲ್ಲ.

ತಾಯಿಯನ್ನು ಮಾತ್ರ ದೂರಬೇಡಿ. ಆ ದುಡ್ಡು ಯಾವ ಖರ್ಚಿಗೆ ಬೇಕಾಗಿತ್ತೆಂದು ಮೆಲ್ಲಗೆ ಕೇಳಿ, ಆಕೆಯೊಡನೆ ನೀವೂ ಪಂಚಾಯಿತಿಗೆ ಹೋಗಿ.