ನಿಮ್ಮ ಪೋಡಿಯಂ ನೀವೇ ಮಾಡಿ: ಒಂದು ವೀಕೆಂಡ್, ಏಳು ಸೂತ್ರ

ಸೆಮಿನಾರ್ ದಿನ ಪೋಡಿಯಂ ಮುಂದೆ ಕಾಲು ನಡುಗುತ್ತದೆಯೇ? ಕಾರಣ ಸರಳ. ನೀವು ಪ್ರ್ಯಾಕ್ಟೀಸ್ ಮಾಡಿದ್ದು ಮಂಚದ ಮೇಲೆ ಕೂತು, ಮಾತಾಡಬೇಕಾದ್ದು ನಿಂತು. ಮನೆಯಲ್ಲೇ ಒಂದು ಪೋಡಿಯಂ ಮಾಡಿಕೊಳ್ಳಿ. ಶನಿವಾರ ಕೊಯ್ಯಿರಿ, ಭಾನುವಾರ ಜೋಡಿಸಿ, ಸೋಮವಾರದಿಂದ ಮಾತಾಡಿ.

1. ಮೊದಲು ನಿಮ್ಮನ್ನೇ ಅಳೆಯಿರಿ
ಶೂ ಹಾಕಿಕೊಂಡು ನೆಟ್ಟಗೆ ನಿಲ್ಲಿ. ಮೊಣಕೈ ಮಡಚಿ, ನೆಲದಿಂದ ಅಲ್ಲಿವರೆಗೆ ಟೇಪ್ ಹಿಡಿಯಿರಿ. 104 ಸೆಂ.ಮೀ. ಬಂತು ಅಂದುಕೊಳ್ಳಿ. ತಳದ ಮತ್ತು ಮೇಲಿನ ಹಲಗೆಗಳ ದಪ್ಪಕ್ಕೆ 4 ಕಳೆಯಿರಿ. ಪೋಡಿಯಂ ತಗ್ಗಾದರೆ ಬೆನ್ನು ಬಾಗುತ್ತದೆ, ಎತ್ತರವಾದರೆ ಭುಜ ಬಿಗಿಯುತ್ತದೆ. ಎರಡರಲ್ಲೂ ದನಿ ಕುಗ್ಗುತ್ತದೆ.

2. ಇಳಿಜಾರು 20 ಡಿಗ್ರಿ ಇಡಿ
ಪಕ್ಕದ ಹಲಗೆಯ ಅಗಲ 33 ಸೆಂ.ಮೀ. ಇರಲಿ. ನಿಮ್ಮ ಕಡೆ ಎತ್ತರ 100, ಸಭಿಕರ ಕಡೆ 112. ಕೋನಮಾಪಕ ಬೇಡ, ಈ ಅಳತೆಯೇ 20 ಡಿಗ್ರಿ ಕೊಡುತ್ತದೆ. ಗಮಕಿಗಳ ವ್ಯಾಸಪೀಠದ ಮೇಲೆ ಪುಸ್ತಕ ಓರೆಯಾಗಿ ಕೂರುವುದೂ ಸುಮ್ಮನೆ ಅಲ್ಲ. ಹಾಳೆ ಓರೆಯಾಗಿದ್ದರೆ ಕಣ್ಣು ಮಾತ್ರ ಇಳಿಯುತ್ತದೆ, ಮುಖ ಸಭೆಯ ಕಡೆಗೇ ಇರುತ್ತದೆ.

3. ಒಂದೇ ಗೆರೆಯಲ್ಲಿ ಎರಡು ಪಕ್ಕ ತೆಗೆಯಿರಿ
18 ಎಂಎಂ ಪ್ಲೈವುಡ್‌ನಲ್ಲಿ 212 ಸೆಂ.ಮೀ. ಉದ್ದ, 33 ಅಗಲದ ಪಟ್ಟಿ ತೆಗೆದುಕೊಳ್ಳಿ. ಎಂಟು ಅಡಿಯ ಶೀಟ್‌ನಲ್ಲಿ ಇದು ಆರಾಮಾಗಿ ಸಿಗುತ್ತದೆ. ಒಂದೇ ತುದಿಯಿಂದ ಅಳೆದು ಎಡ ಅಂಚಿನಲ್ಲಿ 100ಕ್ಕೆ, ಬಲ ಅಂಚಿನಲ್ಲಿ 112ಕ್ಕೆ ಗುರುತು ಹಾಕಿ. ಗೆರೆ ಎಳೆದು ಕೊಯ್ಯಿರಿ. ಒಂದು ತುಂಡನ್ನು ತಲೆಕೆಳಗು ತಿರುಗಿಸಿ ಇನ್ನೊಂದರ ಮೇಲಿಡಿ: ಅವಳಿ-ಜವಳಿ! ಎರಡು ಸಲ ಅಳೆದಿದ್ದರೆ ತಪ್ಪಿಗೂ ಎರಡು ಚಾನ್ಸ್ ಇರುತ್ತಿತ್ತು.

4. ಡೌಟ್ ಬಂದರೆ ಟೇಪ್ ಹಿಡಿಯಿರಿ
ಎರಡು ಪಕ್ಕಗಳ ನಡುವೆ 42 ಸೆಂ.ಮೀ. ಅಗಲದ ಬೆನ್ನುಹಲಗೆ ಕೂರಿಸಿ. ಫೆವಿಕಾಲ್ ಒಣಗುವ ಮೊದಲೇ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಸಮ ಬಂದರೆ ಚೌಕಟ್ಟು ನೆಟ್ಟಗಿದೆ. "ಸರಿ ಇರಬಹುದು" ಅನ್ನುವ ಅಭ್ಯಾಸ ಇವತ್ತೇ ಬಿಡಿ.

5. ತೂತು ಮೊದಲು, ಸ್ಕ್ರೂ ಆಮೇಲೆ
ಸ್ಕ್ರೂಗಿಂತ ಸಣ್ಣ ಬಿಟ್‌ನಿಂದ ತೂತು ಕೊರೆಯಿರಿ. ಐದು ನಿಮಿಷ ಉಳಿಸಲು ಹೋಗಿ ನಾನು ಇದನ್ನು ಬಿಟ್ಟೆ. ಪ್ಲೈವುಡ್ ಅಂಚು ಚಿರೋಟಿಯ ಹಾಗೆ ಪದರ ಪದರ ಬಿಚ್ಚಿಕೊಂಡಿತು. ಶಾರ್ಟ್‌ಕಟ್‌ನ ಬಿಲ್ ಯಾವಾಗಲೂ ಆಮೇಲೆ ಬರುತ್ತದೆ.

6. ಎರಡು ಹಾಳೆಗೆ ಜಾಗ ಕೊಡಿ
ಮೇಲಿನ ಹಲಗೆಯ ಅಗಲ 50 ಸೆಂ.ಮೀ. ಇರಲಿ. ಎ4 ಹಾಳೆಯ ಅಗಲ 21, ಪಕ್ಕಪಕ್ಕ ಎರಡು ಕೂರುತ್ತವೆ. ಕೆಳ ಅಂಚಿಗೆ 2 ಸೆಂ.ಮೀ. ಎತ್ತರದ ಪಟ್ಟಿ ಅಂಟಿಸಿ, ಹಾಳೆ ಜಾರುವುದಿಲ್ಲ. ಓದಿದ ಪುಟ ಮಗುಚಬೇಡಿ, ಪಕ್ಕಕ್ಕೆ ಸರಿಸಿ. ಮೈಕ್‌ನಲ್ಲಿ ಪರಪರ ಸದ್ದು ಬರುವುದಿಲ್ಲ.

7. ಮುಗಿಸಿ, ನಿಲ್ಲಿ, ಮಾತಾಡಿ
ತಳಕ್ಕೆ 50 x 45 ಸೆಂ.ಮೀ. ಹಲಗೆ ಹಾಕಿ, ಒರಗಿದರೂ ವಾಲಬಾರದು. 120, ಆಮೇಲೆ 220 ನಂಬರ್ ಉಪ್ಪು ಕಾಗದದಿಂದ ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ. ಪಾಲಿಶ್ ಮುಂದಿನ ವಾರಕ್ಕಿರಲಿ, ಭಾಷಣ ಇವತ್ತೇ ಆಗಲಿ. ವಿಷಯ ಸಿಗುತ್ತಿಲ್ಲವೇ? ಈ ಪೋಡಿಯಂ ಹೇಗೆ ಮಾಡಿದಿರಿ ಅಂತ ಮನೆಯವರಿಗೆ ಐದು ನಿಮಿಷ ಹೇಳಿ. ಒಂದು ಹಾಳೆಯನ್ನೂ ನೋಡಬೇಕಾಗುವುದಿಲ್ಲ.